ಮಿಟ್ ಎಂದರೆ ಕಳಿಸು

ರುವಿಯ ಲಾಂಡ್ರಿಯಲ್ಲಿ ಕಾಲರಿಗೆ ಸಿಕ್ಕಿಸುವ
ಹಳದಿ ಚೀಟಿಯ ಬೆನ್ನಿಗೆ ದಿನಕ್ಕೆ ಐದು ಪದ.
ಪರೀಕ್ಷೆ ನವೆಂಬರಿನಲ್ಲಿ. ಇಸ್ತ್ರಿಯ ಆವಿಗೆ
ಇಂಕು ಹರಡುವ ಮೊದಲೇ ಬಾಯಿಗೆ ಬರಬೇಕು.

'ಮೊರೋಸ್' ಸುಲಭ, ಮೋರೆ ಜೋತುಬಿದ್ದವನು.
ಅದಕ್ಕೆ ಹಸೈನಾರನ ಮುಖ ಇಟ್ಟುಕೊಂಡೆ,
ಸಂಬಳ ತಡವಾದ ತಿಂಗಳಿನದು.
'ಅಬೇಟ್': ಅಬ್ಬಾ, ಇಳಿಯಿತು ಬಿಸಿಲು.
'ಗಾರ್ಯುಲಸ್' ನಮ್ಮ ಗಾರೆಯ ಕುಂಞಪ್ಪು,
ನಿದ್ದೆಯಲ್ಲೂ ವಟವಟ.

ಆಮೇಲೆ ಬೇರು.
ಮಿಟ್ ಎಂದರೆ ಕಳಿಸು, ಲ್ಯಾಟಿನ್ನಿನಲ್ಲಿ.
ಒಂದನ್ನು ಕಿತ್ತರೆ ನೆಲಗಡಲೆಯ ಹಾಗೆ ಗೊಂಚಲೇ ಬಂತು:
ಪರ್ಮಿಟ್, ಅಡ್ಮಿಟ್, ಡಿಸ್‌ಮಿಸ್, ರಿಮಿಟ್.
ಅರೆ, ಇವೆಲ್ಲ ಗೊತ್ತಿದ್ದವೇ,
ಹನ್ನೊಂದು ವರ್ಷದಿಂದ ಇವುಗಳೊಳಗೇ ಇದ್ದೇನೆ.

ಗುರುವಾರ ಎಕ್ಸ್‌ಚೇಂಜಿನ ಸಾಲಲ್ಲಿ
ಫಾರಮ್ಮಿನ ಮೇಲೆ ಅದೇ ಪದ.
'ರಿ' ಎಂದರೆ ಮರಳಿ. ಮರಳಿ ಕಳಿಸು.
ಯಾರನ್ನು?
ಹಿಂದಿದ್ದವನು ಬೆನ್ನು ತಟ್ಟಿದ, ಮುಂದೆ ಹೋಗು ಭಾಯ್.

ರಾತ್ರಿ ಕನ್ನಡದ ಬುಡವನ್ನೂ ಕೆದಕಿದೆ:
ಕಳಿಸು, ಕಳಿ, ಕಳೆ.
ಲೈಟು ಆರಿಸೋ ಎಂದ ಹಸೈನಾರ್.

ಆ ಚೀಟಿ ಯಾರದೋ ಬಿಳಿ ಅಂಗಿಯ ಜೊತೆ ಹೋಗಿತ್ತು.
ಶನಿವಾರ ಗಿರಾಕಿ ತಂದುಕೊಟ್ಟ,
ರಿಮಿಟ್ಟಿನಲ್ಲಿ ಹೆಚ್ಚಾಗಿದ್ದ ಒಂದು ಟಿ
ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ.