ಎಲೆ ತೆಗೆಯುವವಳ ಲೆಕ್ಕ

ಉಣ್ಣುವವರ ಮುಖ ನಾನು ನೋಡಿದವಳಲ್ಲ.
ಅವರು ಕೈ ತೊಳೆಯಲು ಎದ್ದ ಮೇಲೆ ನನ್ನ ಕೆಲಸ:
ಈ ತುದಿಯಿಂದ ಆ ತುದಿಗೆ ಬಗ್ಗಿಕೊಂಡೇ ಹೋಗುವುದು,
ಎಲೆ ಮಡಚುವುದು, ಬುಟ್ಟಿಗೆ ಹಾಕುವುದು.
ಕುಮಟೆಯ ಈ ಹಾಲಿನಲ್ಲಿ ಹನ್ನೊಂದು ವರ್ಷ.
ಮುಖ ಗೊತ್ತಿಲ್ಲ, ಎಲೆ ಗೊತ್ತು.

ಹೋಳಿಗೆಯ ಅಂಚು ಬಿಟ್ಟು ನಡು ಮಾತ್ರ ತಿಂದವರು,
ಜಿಲೇಬಿಗೆ ಒಂದೇ ಹಲ್ಲು ಊರಿ ಎದ್ದವರು,
ಬೇಡ ಬೇಡವೆಂದು ಕೈ ಅಡ್ಡ ಹಿಡಿದರೂ
ಬೆರಳ ಸಂದಿಯಿಂದ ಪಾಯಸ ಸುರಿಸಿಕೊಂಡವರು.
ಕೊನೆಯ ಪಂಕ್ತಿ ಬೇರೆ.
ಡ್ರೈವರುಗಳು, ಓಲಗದವರು, ಹೂವಿನವಳು:
ಅಲ್ಲಿ ಮಡಚಿದರೆ
ಎಲೆಯಷ್ಟೇ ಮಡಚುತ್ತದೆ.

ಉಂಡೆಲೆ ಎಣಿಸಬಾರದು ಎನ್ನುತ್ತಿದ್ದಳು ಅತ್ತೆ.
ನಾನು ಎಣಿಸಿದೆ.

ಎಣಿಸಿದ್ದು ಯಾಕೆಂದರೆ, ಆ ವರ್ಷ
ಕಟ್ಟೆ ಒಡೆದು ನಮ್ಮ ಗಜನಿಗೆ ಹೊಳೆ ನುಗ್ಗಿತ್ತು.
ಕಗ್ಗ ಉಪ್ಪಿಗೆ ಹೆದರುವ ಭತ್ತವಲ್ಲ.
ಕುತ್ತಿಗೆಮಟ್ಟ ನೀರಲ್ಲಿ ನಿಂತೂ ತೆನೆ ಎತ್ತುತ್ತದೆ,
ನಾವು ಸೊಂಟಮಟ್ಟ ಇಳಿದು ತೆನೆಯಷ್ಟೇ ಕೊಯ್ಯುತ್ತೇವೆ.
ಆದರೆ ಏರಿದ್ದು ಇಳಿಯಬೇಕು, ಅದು ಭರತಿಯ ಮರ್ಯಾದೆ.
ಈಗೀಗ ಬಂದ ನೀರು
ಹಬ್ಬಕ್ಕೆ ಬಂದ ನೆಂಟರಂತೆ ಉಳಿದುಬಿಡುತ್ತದೆ.
ಆ ಸಲ ಮನೆಗೆ ಬಂದದ್ದು ಅರ್ಧ ಮೂಡೆ ಅಕ್ಕಿ.
ಅದೇ ವಾರ, ಒಂದೇ ಮದುವೆಯಲ್ಲಿ,
ಹಿಂದಿನ ಗುಂಡಿಗೆ ನಾನು ಹೊತ್ತು ಹಾಕಿದ್ದು
ಇಪ್ಪತ್ತಮೂರು ಬುಟ್ಟಿ.

ಪಂಚಾಯ್ತಿ ಮೀಟಿಂಗಿಗೆ ಬಂದ ಹುಡುಗಿ ಹೇಳಿದಳು:
ರಾಶಿ ಬಿದ್ದ ಅನ್ನ ಸುಮ್ಮನೆ ಕೊಳೆಯುವುದಿಲ್ಲ ಅಕ್ಕಾ,
ಉಸಿರು ಬಿಡುತ್ತದೆ,
ಆ ಉಸಿರು ಮೇಲೇರಿ ಭೂಮಿಗೆ ಕಂಬಳಿ ಹೊದೆಸುತ್ತದೆ,
ಒಳಗೆ ಸಮುದ್ರ ಕಾಯುತ್ತದೆ, ಉಬ್ಬುತ್ತದೆ.
ಹಾಗಾದರೆ ನನ್ನ ಬುಟ್ಟಿಯೇ ಸುತ್ತಿ ಬಂದು
ನನ್ನ ಕಟ್ಟೆ ಒಡೆಯಿತೇ, ಎಂದು ಕೇಳಿದೆ.
ನಿನ್ನದೊಂದೇ ಅಲ್ಲ, ಲೋಕದ್ದೆಲ್ಲ, ಎಂದಳು.

ಲೋಕದ ಎಲೆ ತೆಗೆಯಲು ನನಗೆ ಸೊಂಟವಿಲ್ಲ.
ಹಾಲಿನದ್ದು ತೆಗೆಯಬಹುದು.

ಮೀನುಪೇಟೆಯ ಗುಲಾಬಿ ಖಾರ್ವಿಯ ಹಳೇ ತಕ್ಕಡಿ ತಂದೆ.
ಪ್ರತಿ ಮದುವೆಯ ತೂಕ
ಅಡುಗೆಮನೆ ಗೋಡೆಗೆ ಸುಣ್ಣದಲ್ಲಿ ಬರೆದೆ.
ಇದೇನು ಮಾದೇವಿ, ಕಸಕ್ಕೂ ಜಾತಕವಾ?
ರೇಗಿದರು ಹಾಲಿನ ವಿಠೋಬ ಶಾನಭಾಗರು.
ಆರನೇ ಮದುವೆಗೆ ಕನ್ನಡಕ ತಂದು
ಗೋಡೆಯ ಮುಂದೆ ನಿಂತರು, ಬಹಳ ಹೊತ್ತು,
ಮಾತಿಲ್ಲ.

ಮರುದಿನ ದೊಡ್ಡ ಹುಟ್ಟು ಕಾಣೆಯಾಯಿತು.
ಎಲ್ಲಿ ಎಂದು ಅಡುಗೆಭಟ್ಟರನ್ನು ಕೇಳಿದರೆ
ನನ್ನನ್ನು ನೋಡಿ ಕೆಮ್ಮುತ್ತಾರೆ.
ಬಡಿಸುವ ಹುಡುಗರು ಈಗ ಮೊದಲು ಕೇಳುತ್ತಾರೆ,
ಆಮೇಲೆ ಬಗ್ಗುತ್ತಾರೆ.
ಮುಟ್ಟದೆ ಉಳಿದ ಪಾತ್ರೆ ಇನಾಸನ ರಿಕ್ಷಾ ಹತ್ತಿ
ತದಡಿಗೆ ಹೋಗುತ್ತದೆ, ಬಿಸಿ ಆರುವ ಮೊದಲು.
ಬೋಟು ಕಾಯುವ ಒಡಿಶಾದ ಹುಡುಗರು
ಅದೆಂಥ ಸಾರು ಎಂದು ಕೈಸನ್ನೆಯಲ್ಲಿ ಕೇಳುತ್ತಾರಂತೆ;
ಇವನು ಕೊಂಕಣಿಯಲ್ಲಿ ಹೇಳುತ್ತಾನಂತೆ.
ಎಂಜಲು ಹಿತ್ತಲ ಗ್ಯಾಸಿನ ಗುಂಡಿಗೆ.
ಅದರ ನೀಲಿ ಉರಿಯಲ್ಲಿ
ಪಾತ್ರೆ ತೊಳೆಯುವ ನಾವು ನಾಲ್ವರು
ಬೆಳಗಿನ ಚಾ ಕಾಸುತ್ತೇವೆ:
ಯಾರೋ ಕಚ್ಚಿ ಬಿಟ್ಟ ಜಿಲೇಬಿಯ ಉರಿ.

ಎಲ್ಲ ಸರಿಯಾಯಿತು ಎನ್ನಲಾರೆ.
ಮೇ ತಿಂಗಳ ಒಂದು ಮುಹೂರ್ತಕ್ಕೆ,
ಬೀಗರು ಏನಂದುಕೊಂಡಾರು ಎಂಬ ಭಯಕ್ಕೆ,
ಗೋಡೆಯ ಅಂಕಿ ಮತ್ತೆ ಹಳೆಯ ಎತ್ತರ ಮುಟ್ಟಿತು.
ಕಟ್ಟೆಗೆ ಹೊಸ ಮಣ್ಣು ಹಾಕಿದ್ದೇವೆ,
ಹೊಳೆ ದಿನಾ ಬಂದು ಬೆರಳಿಟ್ಟು ನೋಡಿ ಹೋಗುತ್ತದೆ.
ಮನೆಯಲ್ಲಿ ಬೀಜದ ಕಗ್ಗ
ಒದ್ದೆ ಗೋಣಿಯೊಳಗೆ ಬಾಯಿ ಬಿಡುತ್ತಿದೆ.

ನಿನ್ನೆ ಮೊದಲ ಪಂಕ್ತಿಯಲ್ಲೇ ಒಂದು ಎಲೆ ಸಿಕ್ಕಿತು.
ಉಪ್ಪಿನ ಕಲೆಯೂ ಇಲ್ಲ.
ಬೆರಳಲ್ಲಿ ಒರೆಸಿ ಒರೆಸಿ
ಎಲೆಯ ಗೀರೆಲ್ಲ ಎಣಿಸುವಂತೆ ಹೊಳೆಯುತ್ತಿತ್ತು.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಮುಖ ನೋಡಬೇಕೆನಿಸಿ ತಲೆ ಎತ್ತಿದೆ.
ನಲ್ಲಿಯ ಹತ್ತಿರ ಸಾಲು.
ಬರೀ ಬೆನ್ನುಗಳು.