ಐವತ್ತರ ನಂತರ

ಭಾನುವಾರ. ಧಾರವಾಡದ ಗುಡ್ಡದ ಮೇಲೆ
ಲ್ಯಾಬಿನ ಕೀಲಿ ನನ್ನ ಕೈಯಲ್ಲಿ.
ಫ್ಲಾಸ್ಕಿನ ಮೇಲೆ ಮಾರ್ಕರಿನಲ್ಲಿ ನನ್ನದೇ ಅಕ್ಷರ: ಐವತ್ತು.
ಹುಬ್ಬಳ್ಳಿಯ ದವಾಖಾನೆಯಿಂದ ಬಂದ
ಯಾರದೋ ತೊಡೆಯ ಚರ್ಮ
ಒಂದು ಎರಡಾಗಿ, ಎರಡು ನಾಲ್ಕಾಗಿ
ಐವತ್ತು ಸಲ. ಇನ್ನು ಒಲ್ಲೆ ಅಂದಿದೆ.

ಮೇಡ್ಲೇರಿಯ ಹಾಲವ್ವತ್ತೆ ಕಂಬಳಿಗೆ ದಡಿ ಕಟ್ಟುವಾಗ
ಹಲ್ಲಲ್ಲಿ ಉಣ್ಣೆ ಕಚ್ಚಿಕೊಂಡೇ ಅನ್ನುತ್ತಿದ್ದಳು:
"ನಡುವ ಹರದ್ರ ಹೊಲೀಬೌದವಾ,
ತುದಿ ಉಚ್ಚಿತಂದ್ರ ಅದರ ಲೆಕ್ಕಾನ ಬ್ಯಾರೆ."

ವರ್ಣತಂತುವಿನ ತುದಿಗೂ ಅಂಥದೇ ದಡಿ.
ಸಲ ಸಲಕ್ಕೂ ಒಂದಿಷ್ಟು ಸವೆದು
ಕಡೆಗೆ ಬೆತ್ತಲೆ ತುದಿ.
ಕೋಶದ ಕಣ್ಣಿಗೆ ಅದೂ ಒಂದು ಹರಕು;
ಹೊಲಿಯಹೋದರೆ ಯಾವುದೋ ತುದಿಗೆ ಯಾವುದೋ ತುದಿ.
ಅದಕ್ಕೇ ಕೈಕಟ್ಟಿ ಕೂತುಬಿಡುತ್ತದೆ.

ನಿನ್ನೆ ಒಂದು ತಟ್ಟೆಗೆ ಬಣ್ಣ ಹಾಕಿದ್ದೆ,
ಮುಕ್ಕಾಲುಪಾಲು ನೀಲಿ.
ಇವತ್ತು ಫ್ಲಾಸ್ಕಿನಲ್ಲಿ ಉಳಿದವು
ತಟ್ಟಿ ಬಿಟ್ಟ ರೊಟ್ಟಿಯಂತೆ ಅಗಲವಾಗಿ ಹರಡಿಕೊಂಡು
ಸಾಯದೆ, ಗೊಣಗುತ್ತಿವೆ.
ಆ ಗೊಣಗಿಗೆ ಪಕ್ಕದವಕ್ಕೂ ಉರಿ.
ಮೂಲೆಯಲ್ಲೊಂದು, ಯಾರಿಗೂ ಹೇಳದೆ,
ತನ್ನನ್ನೇ ಸಣ್ಣ ಸಣ್ಣ ಪೊಟ್ಟಣ ಕಟ್ಟಿ
ಹೊರಟೇ ಹೋಗಿದೆ.

ಕೆಳಗಿನ ಅರೆಯಲ್ಲಿ ಮಾತ್ರ
ನಿಲ್ಲುವುದನ್ನು ಮರೆತ ಒಂದು ಗಡ್ಡೆಯ ಕೋಶಗಳು
ರಾತ್ರೋರಾತ್ರಿ ದುಪ್ಪಟ್ಟು.
ಅವುಗಳ ಒಡತಿ ನಾನು ಹುಟ್ಟುವ ಮೊದಲೇ ಮಣ್ಣಾದವಳು.

ರಿಜಿಸ್ಟರಿನಲ್ಲಿ "ಮುಗಿದವು" ಎಂದು ಬರೆದು,
ಗೀಟು ಹೊಡೆದು, "ನಿಂತಿವೆ" ಎಂದು ತಿದ್ದಿದೆ.
ಚೆಲ್ಲಬೇಕಾದ್ದು ಸೋಮವಾರ.
ಇವತ್ತಿಗೆ, ಸರ್‌ಗೆ ಹೇಳಬೇಡಿ,
ಹೊಸ ದ್ರವ ಬೆಚ್ಚಗೆ ಮಾಡಿ ಹಾಕಿ ಬಂದೆ.