ದವಡೆ

ಹಲ್ಲುನೋವು ಅಂತಲೇ ಬಂದಳು ನೆಲಿದಾ ವೆಂಚೂರ್,
ಬಕೆಟ್ ತುಂಬ ಚಿಪ್ಪುಮೀನು, ಮೇಲೆ ಒದ್ದೆ ಗೋಣಿ.
"ಕೆಳದವಡೆ, ಎಡಕ್ಕೆ. ಕಿತ್ತುಬಿಡು ಮಗಳೇ,
ಹತ್ತರ ದೋಣಿಗೆ ಇದು ಹೋಗಬೇಕು."

ಚಿಲೋಯೆಯ ಈ ತುಂಡು ದ್ವೀಪಕ್ಕೆ
ನಾನೇ ದಾದಿ, ನಾನೇ ಔಷಧಿ ಅಂಗಡಿ;
ಹಲ್ಲು ಕೀಳುವವರು ಮಾತ್ರ ತಿಂಗಳಿಗೊಮ್ಮೆ.
ಬಾಯಿ ತೆರೆಸಿ ಟಾರ್ಚು ಬಿಟ್ಟೆ.
ಹುಳುಕಿತ್ತು ಒಂದು; ತಟ್ಟಿದರೆ ಸುಮ್ಮನಿತ್ತು.
ಹಣೆಯ ಮೇಲೆ ಬೆವರು.
ಜೂನ್ ತಿಂಗಳ ಚಳಿ, ಒಲೆ ಹಚ್ಚಿರಲಿಲ್ಲ ಇನ್ನೂ.

ಎದೆನೋವಾ? "ಇಲ್ಲ."
ಭಾರ? "ಭಾರ ಯಾವಾಗ ಇರಲಿಲ್ಲ?"
ಸುಸ್ತು? "ಆಲೂಗಡ್ಡೆ ಅಗೆದಾಗಿಂದ."
ವಾಂತಿ? "ಬೆಳಿಗ್ಗೆ. ಮೀನಿನ ವಾಸನೆಗೆ,
ಐವತ್ತು ವರ್ಷ ಬಾರದ್ದು."

ತರಬೇತಿಯ ಚಿತ್ರದಲ್ಲಿ ಒಬ್ಬ ಗಂಡಸು,
ಟೈ ಕಟ್ಟಿದವನು, ಎದೆ ಹಿಚುಕಿಕೊಂಡು ಕುಸಿಯುತ್ತಿದ್ದ.
ಅವನು ಈ ದ್ವೀಪಕ್ಕೆ ಎಂದೂ ಬರಲಿಲ್ಲ.
ಬರುವವರು ಹಲ್ಲು ಎನ್ನುತ್ತಾರೆ, ಗ್ಯಾಸು ಎನ್ನುತ್ತಾರೆ;
ಹೊಟ್ಟೆಗೆ ಹಾಕಿಕೊಂಡು ಹಾಕಿಕೊಂಡು
ಎದೆಗೆ ಬಂದದ್ದು ಗೊತ್ತೇ ಆಗುವುದಿಲ್ಲ ಅವರಿಗೆ.

ಮೂರು ಸ್ವೆಟರು ಬಿಚ್ಚಿಸಿ ತಂತಿ ಅಂಟಿಸಿದೆ.
ಸಮ ಇರಬೇಕಾದ ಗೆರೆ
ಗುಡ್ಡ ಹತ್ತಿ ಇಳಿಯುವುದನ್ನೇ ಮರೆತಿತ್ತು.
ಫೋಟೋ ತೆಗೆದು ಕಾಸ್ತ್ರೋ ಆಸ್ಪತ್ರೆಗೆ ಕಳಿಸಿದೆ.
ಕಿಟಕಿಯ ಬಳಿ ಮಾತ್ರ ಸಿಗ್ನಲ್ಲು;
ಅಲ್ಲೇ ನಿಂತು, ಬೆನ್ನ ಹಿಂದಿನ ಉಸಿರು ಎಣಿಸಿದೆ.

"ನುಂಗಬೇಡಮ್ಮ, ಅಗಿ," ಎಂದೆ, ಆಸ್ಪಿರಿನ್ ಕೊಟ್ಟು.
ಅಗಿದಳು, ಎಡಗಡೆಯೇ,
ಕಟಕಟ, ಆ ಹುಳುಕು ಹಲ್ಲಲ್ಲೇ.
ನಡುವೆ ನಿಲ್ಲಿಸಿ ನನ್ನ ಮುಖ ನೋಡಿದಳು.
"ಹಲ್ಲಲ್ಲ, ಅಲ್ವಾ."

ಅಲ್ಲ.

ನಡೆದೇ ಬರುತ್ತೇನೆ ಎಂದಳು, ಬಿಡಲಿಲ್ಲ.
ಎವರಿಸ್ತೋ ಮತ್ತು ಅವನ ಮೈದುನ
ಕುರ್ಚಿ ಸಮೇತ ಹೊತ್ತರು ದೋಣಿಗೆ.
ನಲವತ್ತು ನಿಮಿಷ, ಎದುರುಗಾಳಿ.
ಶಾಕ್ ಕೊಡುವ ಪೆಟ್ಟಿಗೆ ನನ್ನ ಮಡಿಲಲ್ಲಿ,
ಇದು ಬೇಡವಾಗಲಿ, ಬೇಡವಾಗಲಿ,
ನಾಡಿಯ ಮೇಲೆ ಮೂರು ಬೆರಳು, ಮಾತಿನ ಮೇಲೆ ಮಾತು:
ಚಿಪ್ಪು ಕಿಲೋಗೆ ಎಷ್ಟು? ಸೊಸೆ ಹೇಗಿದ್ದಾಳೆ?
"ಸೊಸೆ ಸುದ್ದಿ ಎತ್ತಬೇಡ, ಸತ್ತೇಹೋಗ್ತೀನಿ,"
ನಕ್ಕಳು. ತುಟಿ ಬೂದಿ ಬಣ್ಣ.

ದಡದಲ್ಲಿ ಆಂಬುಲೆನ್ಸಿನವರು ಕೇಳಿದರು:
ನೋವು ಶುರುವಾದ ಹೊತ್ತು?
ಅಂಗೈ ನೋಡಿಕೊಂಡೆ, ಪೆನ್ನಲ್ಲಿ ಗೀಚಿದ್ದೆ,
ಆಸ್ಪಿರಿನ್ ಎಂಟೂ ಐವತ್ತು.
ಅದರ ಮೇಲಿನ ಸಾಲು ಖಾಲಿ.

ಸಂಜೆ ಮರಳಿದಾಗ ಬಕೆಟ್ ಬಾಗಿಲಲ್ಲೇ ಇತ್ತು.
ಸಮುದ್ರದ ನೀರು ತಂದು ಸುರಿದೆ.
ಕೆಲವು ಬಾಯಿಬಿಟ್ಟವು.
ಬಕೆಟ್ಟನ್ನು ಕಿಟಕಿಯ ಬಳಿಗೆ ಎಳೆದುಕೊಂಡು
ಫೋನು ಹಿಡಿದು ಕೂತೆ.